ಊರಿನ ದಾರಿಯಲ್ಲಿ ಒಂದು ಬೆಟ್ಟ, ಒಂದು ರಾತ್ರಿ ಸಾಕು

ಪ್ರಶ್ನೆ: ನಾವಿರುವುದು ರಾಜಾಜಿನಗರದಲ್ಲಿ, ಊರು ಕುಂದಾಪುರದ ಹತ್ತಿರ. ಪ್ರತಿ ವರ್ಷ ಮೇ ತಿಂಗಳಲ್ಲಿ ಹೆಂಡತಿ, ಮಗನ ಜೊತೆ ಕಾರಿನಲ್ಲಿ ಹೋಗಿ ಹತ್ತು ದಿನ ಇದ್ದು ಬರುತ್ತೇವೆ. ರಾತ್ರಿ ಹೊರಟರೆ ಬೆಳಗಾಗುವಷ್ಟರಲ್ಲಿ ಮನೆ. ಈ ಸಲ ದಾರಿಯಲ್ಲಿ ಮೂರು ದಿನ ಕಳೆದು ದೇವರಾಯನದುರ್ಗ, ಮುಳ್ಳಯ್ಯನಗಿರಿ, ಕುಂದಾದ್ರಿ, ಕೊಡಚಾದ್ರಿ ಹತ್ತುವ ಆಸೆ, ಎರಡು ರಾತ್ರಿ ಕಾಡಲ್ಲಿ ಟೆಂಟ್. ಮಗ ಟೆಂಟ್ ತಂದ ದಿನದಿಂದ ಹಾಲ್‌ನಲ್ಲಿ ಅದರೊಳಗೇ ಮಲಗುತ್ತಿದ್ದಾನೆ. ಅಮ್ಮನಿಗೆ ಹೇಳಿದರೆ, ‘ಮನೆಗಿಂತ ಗುಡ್ಡವೇ ಹೆಚ್ಚಾಯಿತಾ ನಿಮಗೆ’ ಅಂತ ಫೋನ್ ಇಟ್ಟುಬಿಟ್ಟರು. ಹೆಂಡತಿ, ‘ಊರಲ್ಲಿ ನನಗೆ ಅಡುಗೆಮನೆ ಬಿಟ್ಟರೆ ಏನಿದೆ, ಆ ಮೂರು ದಿನವೇ ನನ್ನ ರಜೆ’ ಅನ್ನುತ್ತಾಳೆ. ಶನಿವಾರ ಹೊರಡುತ್ತೇವೆ ಅಂತ ಅಮ್ಮನಿಗೆ ಹೇಳಿ ಗುರುವಾರವೇ ಹೊರಟರೆ ತಪ್ಪಾ?

ಉತ್ತರ: ತಪ್ಪು. ಮೊದಲು ಅದನ್ನೇ ಹೇಳಿಬಿಡುತ್ತೇನೆ. ನಿಮ್ಮ ಮಗ ಅಜ್ಜಿ ಮನೆಯ ಅಂಗಳಕ್ಕೆ ಕಾಲಿಟ್ಟ ಅರ್ಧ ಗಂಟೆಯಲ್ಲಿ ಎಲ್ಲಾ ಕಥೆ ಹೇಳಿ ಮುಗಿಸಿರುತ್ತಾನೆ, ಆಮೇಲೆ ಹತ್ತು ದಿನ ಆ ಮನೆಯಲ್ಲಿ ಎಲ್ಲರ ಮುಖವೂ ಬಿಗಿಯೇ. ಅದಕ್ಕಿಂತ ದೊಡ್ಡ ಕಾರಣ ಇನ್ನೊಂದಿದೆ. ಘಾಟಿಯಲ್ಲಿ ನೆಟ್‌ವರ್ಕ್ ಇರುವುದಿಲ್ಲ. ಕಾರು ಕೆಟ್ಟರೆ, ಯಾರಿಗಾದರೂ ಕಾಲು ಉಳುಕಿದರೆ, ನೀವು ಎಲ್ಲಿದ್ದೀರಿ ಅಂತ ಮನೆಯಲ್ಲಿ ಒಬ್ಬರಿಗಾದರೂ ಗೊತ್ತಿರಬೇಕು. ಅಮ್ಮ ನೀವು ಇನ್ನೂ ಬೆಂಗಳೂರಲ್ಲೇ ಇದ್ದೀರಿ ಅಂದುಕೊಂಡಿದ್ದರೆ ಯಾರು ಹುಡುಕುತ್ತಾರೆ ಹೇಳಿ?

ಇನ್ನು ನಿಮ್ಮ ಪಟ್ಟಿ. ನಾಲ್ಕು ಬೆಟ್ಟ ಜಾಸ್ತಿ ಆಯ್ತು. ಮುಳ್ಳಯ್ಯನಗಿರಿ 1,930 ಮೀಟರ್, ರಾಜ್ಯದಲ್ಲೇ ಎತ್ತರದ ಶಿಖರ, ಆಸೆ ಸಹಜ. ಆದರೆ ಅದಕ್ಕಾಗಿ ನೀವು ಕಡೂರಿನಲ್ಲಿ ದಾರಿ ಬಿಟ್ಟು ಚಿಕ್ಕಮಗಳೂರಿಗೆ ತಿರುಗಬೇಕು, ಮೇ ತಿಂಗಳ ರಜೆಯ ದಿನ ಮೇಲಿನ ರಸ್ತೆಯಲ್ಲಿ ಬೆಟ್ಟಕ್ಕಿಂತ ಮುಂದಿನ ಕಾರಿನ ಹಿಂಭಾಗವನ್ನೇ ಹೆಚ್ಚು ನೋಡುತ್ತೀರಿ. ಅದನ್ನು ಬಿಡಿ. ದೇವರಾಯನದುರ್ಗ ಬೆಂಗಳೂರಿಂದ ಒಂದು ಭಾನುವಾರದ ಮಾತು, ಊರಿಗೆ ಹೋಗುವ ದಿನವೇ ಹತ್ತಬೇಕಾಗಿಲ್ಲ. ಕೊಡಚಾದ್ರಿ ಇರುವುದೇ ನಿಮ್ಮ ಊರಿನ ಬೆನ್ನಿಗೆ. ಅದಕ್ಕೆ ಆಮೇಲೆ ಬರುತ್ತೇನೆ.

ಕಾಡಲ್ಲಿ ಟೆಂಟ್ ಅನ್ನುವುದನ್ನು ಪೂರ್ತಿ ಮರೆತುಬಿಡಿ. ಕೊಡಚಾದ್ರಿ ಮೂಕಾಂಬಿಕಾ ಅಭಯಾರಣ್ಯದೊಳಗಿದೆ, ಆಗುಂಬೆಯ ಕೆಳಗೆ ಸೋಮೇಶ್ವರ ಅಭಯಾರಣ್ಯ. ಮನಸ್ಸಿಗೆ ಬಂದ ಕಡೆ ಟೆಂಟ್ ಹಾಕಿ ಒಲೆ ಹಚ್ಚುವ ಜಾಗ ಅವಲ್ಲ. ಬೇಸಿಗೆಯಲ್ಲಿ ಕಾಡು ಒಣಗಿರುತ್ತದೆ, ಒಂದು ಕಿಡಿ ಸಾಕು. ಕಾಡ್ಗಿಚ್ಚಿನ ಭಯಕ್ಕೇ ಅರಣ್ಯ ಇಲಾಖೆ ಘಟ್ಟದ ಎಷ್ಟೋ ಚಾರಣದ ದಾರಿಗಳನ್ನು ಈ ತಿಂಗಳುಗಳಲ್ಲಿ ಮುಚ್ಚುತ್ತದೆ. ಯಾವುದು ತೆರೆದಿದೆ ಅಂತ ಇಲಾಖೆಯ ಅರಣ್ಯ ವಿಹಾರ ಜಾಲತಾಣದಲ್ಲಿ ನೋಡಿ, ಸ್ಥಳೀಯ ಕಚೇರಿಗೆ ಒಂದು ಫೋನ್ ಕೂಡ ಮಾಡಿ. ಯಾರದೋ ಹಳೇ ರೀಲ್ಸ್ ನೋಡಿಕೊಂಡು ಹೊರಡಬೇಡಿ.

ನನ್ನ ಲೆಕ್ಕ ಹೀಗಿದೆ. ಬೆಳಗಿನ ಜಾವ ನಾಲ್ಕೂವರೆಗೆ ಹೊರಡಿ, ಗೊರಗುಂಟೆಪಾಳ್ಯ, ನೆಲಮಂಗಲದ ಗಲಾಟೆ ಶುರುವಾಗುವ ಮೊದಲೇ ದಾಟಿಬಿಡಬಹುದು. ಕ್ಯಾತ್ಸಂದ್ರದಲ್ಲಿ ತಟ್ಟೆ ಇಡ್ಲಿ. ತಿಪಟೂರು, ಅರಸೀಕೆರೆ, ಕಡೂರು, ತರೀಕೆರೆ ಅಂತ ಆರಾಮಾಗಿ ಹೋದರೂ ಶಿವಮೊಗ್ಗ ಮುಗಿಸಿ ಮಧ್ಯಾಹ್ನಕ್ಕೆ ತೀರ್ಥಹಳ್ಳಿ ಸೇರುತ್ತೀರಿ. ಅಲ್ಲಿ ಸುತ್ತಮುತ್ತ ಹೋಮ್‌ಸ್ಟೇಗಳಿವೆ. ಅಡಿಕೆ ತೋಟದ ಮನೆ ನೋಡಿ, ‘ಅಂಗಳದಲ್ಲಿ ಒಂದು ಟೆಂಟ್ ಹಾಕಿಕೊಳ್ಳಬಹುದಾ’ ಅಂತ ಮೊದಲೇ ಕೇಳಿ. ಮಗನಿಗೆ ಟೆಂಟ್ ಆಯ್ತು, ರಾತ್ರಿ ಮಳೆ ಬಂದರೆ ಒಳಗೆ ಓಡಲು ಮನೆಯೂ ಇರುತ್ತದೆ.

ಮಾರನೇ ದಿನ ಬೆಳಕು ಹರಿಯುತ್ತಲೇ ಕವಲೇದುರ್ಗ. ಕೆಳದಿ ನಾಯಕರ ಕೋಟೆ. ಗದ್ದೆಯ ಪಕ್ಕದಿಂದ ಶುರುವಾಗುವ ನಡಿಗೆ, ಆಮೇಲೆ ಕಲ್ಲು ಹಾಸಿದ ದಾರಿ, ಒಂದಾದ ಮೇಲೆ ಒಂದು ಹೆಬ್ಬಾಗಿಲು. ಮಕ್ಕಳು ದಣಿಯುವ ಹೊತ್ತಿಗೆ ಸರಿಯಾಗಿ ನೋಡಲು ಏನೋ ಒಂದು ಸಿಕ್ಕುತ್ತದೆ: ಕೊಳ, ದೇವಸ್ಥಾನ, ಅರಮನೆಯ ಅಡಿಪಾಯ, ಅಲ್ಲಿನ ಅಡುಗೆಮನೆಯ ಕಲ್ಲಿನ ಒಲೆ. ಹತ್ತು ಹತ್ತೂವರೆಗೆ ಕೆಳಗಿಳಿದು, ಮಾಸ್ತಿಕಟ್ಟೆ ಮೇಲೆ ಹುಲಿಕಲ್ ಘಾಟಿ ಇಳಿದರೆ ಅಮ್ಮನ ಮನೆಯಲ್ಲಿ ಮಧ್ಯಾಹ್ನದ ಊಟ. ಕುಂದಾದ್ರಿ ಬೇಕೇ ಬೇಕು ಅಂದರೆ ಮೊದಲ ದಿನ ಸಂಜೆ ಕಾರಲ್ಲೇ ಮೇಲೆ ಹೋಗಬಹುದು, ಆದರೆ ಆಕಾಶ ನೋಡಿಕೊಂಡು. ಮೇ ತಿಂಗಳಲ್ಲಿ ಮಲೆನಾಡಿನಲ್ಲಿ ಮಧ್ಯಾಹ್ನದ ಮೇಲೆ ಸಿಡಿಲಿನ ಮಳೆ ಬರುತ್ತದೆ, ಬೋಳು ಬಂಡೆಯ ಮೇಲೆ ಆ ಹೊತ್ತಿಗೆ ನಿಲ್ಲಬಾರದು.

ಉಣುಗಿನ, ಅಂದರೆ ಕಾಡಿನಲ್ಲಿ ಮೈಗೆ ಹತ್ತಿ ರಕ್ತ ಹೀರುವ ಉಣ್ಣೆಯ ವಿಷಯ ದಯವಿಟ್ಟು ಗಮನವಿಟ್ಟು ಓದಿ. ಮಂಗನ ಕಾಯಿಲೆ ಮೊದಲು ಪತ್ತೆಯಾಗಿದ್ದು ಇದೇ ಶಿವಮೊಗ್ಗ ಜಿಲ್ಲೆಯಲ್ಲಿ, 1957ರಲ್ಲಿ, ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ. ಉಣುಗು ಕಚ್ಚಿ ಹರಡುವ ಜ್ವರ ಅದು, ಜಾಸ್ತಿ ಕಾಣಿಸುವುದು ಚಳಿಗಾಲದಿಂದ ಮಳೆಗಾಲ ಶುರುವಾಗುವ ತನಕ, ಅಂದರೆ ನೀವು ಹೋಗುವ ಕಾಲವೂ ಸೇರಿ. ಹೆದರಿ ಮನೆಯಲ್ಲೇ ಕೂರಿ ಅಂತಲ್ಲ. ಹೋಮ್‌ಸ್ಟೇಯವರನ್ನು ಈ ವರ್ಷ ಆ ಕಡೆ ಕಾಯಿಲೆ ಇದೆಯಾ ಅಂತ ಕೇಳಿ, ಅವರಿಗೆ ಗೊತ್ತಿರುತ್ತದೆ. ಉಣುಗು ಹತ್ತಿರ ಬರದಂತೆ ಮೈಗೆ ಹಚ್ಚಲು ಆರೋಗ್ಯ ಇಲಾಖೆಯವರು ಹಂಚುವ ಡೆಪಾ ತೈಲ ಸಿಕ್ಕರೆ ಹಚ್ಚಿಕೊಳ್ಳಿ. ತುಂಬು ತೋಳಿನ ಅಂಗಿ, ಉದ್ದ ಪ್ಯಾಂಟು, ಅದರ ಮೇಲೆ ಸಾಕ್ಸ್ ಎಳೆದುಕೊಳ್ಳಿ. ಉದುರಿದ ಒಣ ಎಲೆಯ ದರಗಿನ ಮೇಲೆ ಕೂರಬೇಡಿ. ಸತ್ತ ಮಂಗ ಕಂಡರೆ ಅಲ್ಲಿಂದಲೇ ವಾಪಸ್ ಬಂದು ಊರಿನವರಿಗೆ ತಿಳಿಸಿ. ಬಂದ ಮೇಲೆ ಬಿಸಿನೀರಿನ ಸ್ನಾನ, ಮಗನ ಕಿವಿಯ ಹಿಂದೆ, ಸೊಂಟದ ಸುತ್ತ ಚೆನ್ನಾಗಿ ನೋಡಿ. ವಾರ ಹತ್ತು ದಿನದೊಳಗೆ ಜ್ವರ ಬಂದರೆ ಡಾಕ್ಟರಿಗೆ ಕಾಡಿಗೆ ಹೋಗಿದ್ದೆವು ಅಂತ ಹೇಳಲೇಬೇಕು.

ಈಗ ಅಮ್ಮ. ಅವರಿಗೆ ನೀವು ಹೇಳಿದ್ದು ಮೂರು ದಿನ, ನಾಲ್ಕು ಬೆಟ್ಟ. ಅವರ ಕಿವಿಗೆ ಬಿದ್ದಿದ್ದು, ಮಗ ಮೂರು ದಿನ ತಡವಾಗಿ ಬರುತ್ತಾನೆ ಅಂತ. ನನ್ನ ಲೆಕ್ಕದಲ್ಲಿ ಕಳೆಯುವುದು ಒಂದು ರಾತ್ರಿ. ಅದೂ ಪೂರ್ತಿ ಅಲ್ಲ, ರಾತ್ರಿಯಿಡೀ ಗಾಡಿ ಓಡಿಸಿ ಬೆಳಿಗ್ಗೆ ಮನೆ ಸೇರಿದ ದಿನ ನೀವು ಸಂಜೆಯವರೆಗೆ ನಿದ್ದೆಯೇ ಅಲ್ವಾ? ಅಮ್ಮ ಮಾಡಿಟ್ಟ ಊಟ ತಣ್ಣಗಾಗುತ್ತದೆ, ಮಗ ಅಜ್ಜಿಯ ಪಕ್ಕದಲ್ಲಿ ತೂಕಡಿಸುತ್ತಿರುತ್ತಾನೆ. ಅದನ್ನೇ ಅವರಿಗೆ ಹೇಳಿ: ‘ರಾತ್ರಿ ಘಾಟಿಯಲ್ಲಿ ಗಾಡಿ ಓಡಿಸುವುದಿಲ್ಲಮ್ಮ, ತೀರ್ಥಹಳ್ಳಿಯಲ್ಲಿ ಉಳಿದು ಮಾರನೇ ದಿನ ಊಟಕ್ಕೆ ಮನೆಯಲ್ಲಿರುತ್ತೇವೆ.’ ಉಳಿಯುವ ಮನೆಯ ಫೋನ್ ನಂಬರ್ ಕೊಡಿ. ಹೇಳಿದ ಹೊತ್ತಿಗೆ ತಲುಪಿ.

ಹೆಂಡತಿಯ ಮಾತಿಗೆ ಮಾತ್ರ ಬೆಟ್ಟ ಉತ್ತರ ಅಲ್ಲ. ‘ಊರಲ್ಲಿ ಅಡುಗೆಮನೆ ಬಿಟ್ಟರೆ ಏನಿದೆ’ ಅಂತ ಅವರು ಹೇಳಿದ್ದು ದಾರಿಯ ಬಗ್ಗೆ ಅಲ್ಲ, ನಿಮ್ಮ ಮನೆಯ ಆ ಹತ್ತು ದಿನಗಳ ಬಗ್ಗೆ. ನೀವು ಅದನ್ನು ಮುಟ್ಟದೆ ದಾರಿಯಲ್ಲಿ ಮೂರು ದಿನ ಕೊಡಿಸಿ ಲೆಕ್ಕ ಚುಕ್ತಾ ಮಾಡಲು ಹೊರಟಿದ್ದೀರಿ. ನನಗೆ ಇದು ಸರಿ ಕಾಣಲಿಲ್ಲ. ಹುಟ್ಟಿದ ಮನೆ ನಿಮ್ಮದು. ಬೆಳಗಿನ ತಿಂಡಿಗೆ ನೀವು ನಿಂತರೆ, ತೆಂಗಿನಕಾಯಿ ತುರಿದು ಕೊಟ್ಟು ಪಾತ್ರೆ ತೊಳೆದಿಟ್ಟರೆ ಮೊದಲ ದಿನ ಅಮ್ಮ ‘ಬಿಡು ಮಗಾ’ ಅನ್ನಬಹುದು. ಬಿಡಬೇಡಿ. ಮಾರನೇ ದಿನವೂ ಮಾಡಿ. ಹೆಂಡತಿ ಕೇಳಿ ಮಾಡಿಸಿದ ಹಾಗೆ ಇರಬಾರದು, ನೀವಾಗಿಯೇ ಎದ್ದು ಹೋಗಬೇಕು.

ಕೊಡಚಾದ್ರಿ ಇಲ್ಲಿಗೆ ಬರುತ್ತದೆ. ನಿಮ್ಮ ಮನೆಯಿಂದ ಬೆಳಿಗ್ಗೆ ಬೇಗ ಹೊರಟರೆ ಕೊಲ್ಲೂರಿನಿಂದ ಜೀಪು ಸಿಗುತ್ತದೆ, ಮೇಲೆ ಸರ್ವಜ್ಞ ಪೀಠದ ತನಕ ನಡಿಗೆ. ಜೀಪು ಬಿಡುತ್ತಿದ್ದಾರಾ ಅಂತ ಹಿಂದಿನ ದಿನ ವಿಚಾರಿಸಿ. ಆ ದಾರಿಯ ಕುಲುಕಾಟ ವಯಸ್ಸಾದವರ ಸೊಂಟಕ್ಕಾಗುವುದಿಲ್ಲ, ಹಾಗಾಗಿ ಅಮ್ಮನನ್ನು ಕರೆದುಕೊಂಡು ಇನ್ನೊಂದು ದಿನ ಕೊಲ್ಲೂರು ದರ್ಶನ ಮುಗಿಸಿ ಸಿಗಂದೂರಿನ ಕಡೆ ಹೋಗಿ. ಮೊದಲು ಲಾಂಚಿಗೆ ಕಾಯಬೇಕಿತ್ತಲ್ಲ, ಶರಾವತಿ ಹಿನ್ನೀರಿನ ಮೇಲೆ 2025ರ ಜುಲೈನಲ್ಲಿ ಸೇತುವೆ ತೆರೆದಿದೆ, ಅವರು ನೋಡಿರಲಿಕ್ಕಿಲ್ಲ.

ಟೆಂಟನ್ನು ಕಾರಿನಿಂದ ಇಳಿಸಿ ಊರಿನ ಮನೆಯ ತಾರಸಿ ಮೇಲೂ ಹಾಕಿಕೊಡಿ. ಅಂಗಳದಲ್ಲಿ ಸೆಕೆ, ಮೇಲೆ ಗಾಳಿ ಇರುತ್ತದೆ. ಹೋಮ್‌ಸ್ಟೇಗೆ ಈ ವಾರವೇ ಫೋನ್ ಮಾಡಿ, ಮೇ ತಿಂಗಳಲ್ಲಿ ಬೇಗ ತುಂಬಿಬಿಡುತ್ತವೆ. ಅದಕ್ಕೂ ಮೊದಲು ಅಮ್ಮನಿಗೆ ಮಾಡಿ, ಸ್ಪೀಕರ್‌ನಲ್ಲಿ ಹಾಕದೆ ನೀವೊಬ್ಬರೇ ಮಾತಾಡಿ.