‘ಹೇಳಿದ್ರೆ ಬರ್ತಿದ್ದೆ’ – ಇದಕ್ಕೆ ಇಂಗ್ಲಿಷಿನಲ್ಲಿ ಏನು?

ಇಂಗ್ಲಿಷಿನ ‘ಇಫ್’ ವಾಕ್ಯಗಳ ಬಗ್ಗೆ ಓದುಗರು ಕೇಳಿದ ನಾಲ್ಕು ಪ್ರಶ್ನೆಗಳಿಗೆ ಈ ಸಲ ಉತ್ತರ. ಉದಾಹರಣೆಗಳೆಲ್ಲ ಕನ್ನಡ ಲಿಪಿಯಲ್ಲಿವೆ. ಅಭ್ಯಾಸಕ್ಕೆ ಕೂತಾಗ ಇಂಗ್ಲಿಷ್ ಅಕ್ಷರದಲ್ಲೇ ಬರೆದುಕೊಳ್ಳಿ.

ಪ್ರಶ್ನೆ: ಪದವಿಯ ಕೊನೆಯ ವರ್ಷದಲ್ಲಿದ್ದೇನೆ. ಹತ್ತನೇ ಕ್ಲಾಸಿನವರೆಗೆ ಓದಿದ್ದು ಕನ್ನಡ ಮಾಧ್ಯಮದಲ್ಲಿ. ಕಂಡೀಷನಲ್ ವಾಕ್ಯದ, ಅಂದರೆ ಷರತ್ತಿನ ‘ಇಫ್’ ವಾಕ್ಯದ, ಮೂರೂ ಬಗೆ ಬಾಯಿಪಾಠ ಇದೆ. ಬಿಟ್ಟ ಸ್ಥಳ ತುಂಬಿ ಅಂದರೆ ತಪ್ಪೇ ಆಗುವುದಿಲ್ಲ. ಆದರೆ ಮಾತಿಗೆ ನಿಂತರೆ ‘ಇಫ್ ಯೂ ಟೋಲ್ಡ್, ಐ ವಾಸ್ ಕಮಿಂಗ್’ ಅಂತಲೇ ಬಾಯಿಗೆ ಬರುತ್ತದೆ. ಹೇಗೆ ಅಭ್ಯಾಸ ಮಾಡಲಿ?

ಉತ್ತರ: ನಿಮ್ಮ ಬಾಯಿಗೆ ಬರುತ್ತಿರುವುದು ‘ಹೇಳಿದ್ರೆ ಬರ್ತಿದ್ದೆ’ ಅನ್ನುವ ಒಳ್ಳೆಯ ಕನ್ನಡ. ‘ಬರ್ತಿದ್ದೆ’ ಎಂಬ ರೂಪಕ್ಕೆ ನಮ್ಮಲ್ಲಿ ಎರಡು ಕೆಲಸ. ‘ಆಗ ದಿನಾ ಬರ್ತಿದ್ದೆ’ ಅಂದರೆ ನಿಜವಾಗಿ ಬಂದದ್ದು. ‘ಹೇಳಿದ್ರೆ ಬರ್ತಿದ್ದೆ’ ಅಂದರೆ ಬಾರದೇ ಇದ್ದದ್ದು. ಇಂಗ್ಲಿಷ್ ಈ ಎರಡನ್ನೂ ಒಂದೇ ರೂಪದಲ್ಲಿ ಹೇಳಿಸಿಕೊಳ್ಳುವುದಿಲ್ಲ. ‘ವಾಸ್ ಕಮಿಂಗ್’ ಅಂದರೆ ದಾರಿಯಲ್ಲಿ ಬರುತ್ತಲೇ ಇದ್ದೆ ಎಂದಾಗುತ್ತದೆ. ಬಾರದೇ ಇದ್ದದ್ದಕ್ಕೆ ‘ವುಡ್ ಹ್ಯಾವ್ ಕಮ್’ ಬೇಕು.

ಇನ್ನೊಂದು ತೊಡಕು ನಮ್ಮ ಉಚ್ಚಾರಣೆಯಲ್ಲಿದೆ. ಬರೆಯುವಾಗ ‘ಹೇಳಿದರೆ’, ‘ಹೇಳಿದ್ದರೆ’ ಬೇರೆ ಬೇರೆ. ಆಡುವಾಗ ಎರಡೂ ‘ಹೇಳಿದ್ರೆ’. ವಾಕ್ಯ ಮುಗಿಯುವವರೆಗೂ ಯಾವುದು ಎಂದು ಗೊತ್ತಾಗುವುದಿಲ್ಲ: ‘ಹೇಳಿದ್ರೆ... ಬರ್ತೀನಿ’ ಆದರೆ ಮುಂದಿನ ಮಾತು, ‘ಹೇಳಿದ್ರೆ... ಬರ್ತಿದ್ದೆ’ ಆದರೆ ಕೈತಪ್ಪಿದ ಮಾತು. ಕನ್ನಡ ಕೊನೆಯಲ್ಲಿ ತೀರ್ಮಾನಿಸುವುದನ್ನು ಇಂಗ್ಲಿಷ್ ಬಾಯಿ ತೆರೆದ ಕೂಡಲೇ ಕೇಳುತ್ತದೆ. ಆದ್ದರಿಂದ ಮೊದಮೊದಲು ಇಂಗ್ಲಿಷ್ ವಾಕ್ಯವನ್ನು ಕನ್ನಡ ವಾಕ್ಯದ ಬಾಲದಿಂದ ಶುರುಮಾಡಿ: ‘ಐ ವುಡ್ ಹ್ಯಾವ್ ಕಮ್ ಇಫ್ ಯೂ ಹ್ಯಾಡ್ ಟೋಲ್ಡ್ ಮಿ’. ಹೀಗೆ ಹೇಳುವುದು ಪೂರ್ತಿ ಸರಿ. ‘ಇಫ್’ ನಡುವೆ ಬಂದಾಗ ಅಲ್ಪವಿರಾಮವೂ ಬೇಡ. ‘ಇಫ್’ ಮೊದಲಿಗೆ ಬಂದರೆ ಮಾತ್ರ ಎರಡು ಭಾಗದ ನಡುವೆ ಅದನ್ನು ಹಾಕಿ.

ಬಿಟ್ಟ ಸ್ಥಳದಲ್ಲಿ ನೀವು ತಪ್ಪದಿರುವುದಕ್ಕೂ ಕಾರಣವಿದೆ. ಅಲ್ಲಿ ಅರ್ಧ ವಾಕ್ಯ ಮೊದಲೇ ಅಚ್ಚಾಗಿರುತ್ತದೆ. ಒಂದು ಕಡೆ ‘ವುಡ್ ಹ್ಯಾವ್ ಪಾಸ್ಡ್’ ಕಂಡರೆ ಇನ್ನೊಂದು ಕಡೆ ‘ಹ್ಯಾಡ್ ಸ್ಟಡೀಡ್’ ಅಂತ ಅರ್ಥ ನೋಡದೆಯೂ ತುಂಬಬಹುದು. ಮಾತಿನಲ್ಲಿ ಆ ಅರ್ಧವನ್ನು ಯಾರೂ ಕೊಡುವುದಿಲ್ಲ. ಅಂಥ ಇನ್ನೂ ನೂರು ವಾಕ್ಯ ತುಂಬಿದರೂ ನಿಮಗೆ ಪ್ರಯೋಜನವಿಲ್ಲ.

ಬದಲಿಗೆ ಒಂದು ನೋಟ್‌ಬುಕ್ ಇಡಿ. ಎಡಪುಟದಲ್ಲಿ ಆ ದಿನ ನೀವೇ ಆಡಿದ ಅಥವಾ ಕಿವಿಗೆ ಬಿದ್ದ ಐದು ‘-ರೆ’ ವಾಕ್ಯಗಳನ್ನು ಆಡಿದ ಹಾಗೇ ಬರೆಯಿರಿ. ‘ಚಿಲ್ರೆ ಇದ್ರೆ ಕೊಡಿ’, ‘ಮೊದ್ಲೇ ಹೊರಟಿದ್ರೆ ಬಸ್ ಸಿಗ್ತಿತ್ತು’ ಅಂಥವು ದಿನಕ್ಕೆ ಬೇಕಾದಷ್ಟು ಸಿಗುತ್ತವೆ. ಪ್ರತಿಯೊಂದರ ಮುಂದೆ ಒಂದು ಗುರುತು: ಆಗಬಹುದಾದದ್ದಕ್ಕೆ ‘ಆ’, ಬರೀ ಕಲ್ಪನೆಗೆ ‘ಕ’, ಮುಗಿದುಹೋದದ್ದಕ್ಕೆ ‘ಮು’. ಗುರುತು ಹಾಕಿದ ಮೇಲೆಯೇ ಬಲಪುಟದಲ್ಲಿ ಇಂಗ್ಲಿಷ್ ಬರೆಯಬೇಕು. ಮಾರನೆಯ ಬೆಳಿಗ್ಗೆ ಬಲಪುಟ ಮುಚ್ಚಿ, ಕನ್ನಡ ನೋಡಿ ಗಟ್ಟಿಯಾಗಿ ಇಂಗ್ಲಿಷ್ ಹೇಳಿ. ಎಡವಿದ ವಾಕ್ಯಕ್ಕೆ ಚುಕ್ಕೆ ಇಟ್ಟು ಅದನ್ನು ಆ ದಿನದ ಐದರಲ್ಲಿ ಸೇರಿಸಿಕೊಳ್ಳಿ. ಹದಿನೈದು ನಿಮಿಷಕ್ಕಿಂತ ಹೆಚ್ಚು ಕೂರಬೇಡಿ. ಮೊದಲ ನಾಲ್ಕು ದಿನ ‘ಆ’ ಮತ್ತು ‘ಮು’ ಮಾತ್ರ ಸಾಕು. ಐದನೇ ದಿನ ‘ಕ’ ಸೇರಿಸಿ.

‘ಕ’ ತಡವಾಗಿ ಯಾಕೆ? ಇಂಗ್ಲಿಷಿನ ಎರಡನೇ ಬಗೆಗೆ, ಅಂದರೆ ಈ ಕಲ್ಪನೆಯ ವಾಕ್ಯಕ್ಕೆ, ಕನ್ನಡದಲ್ಲಿ ಸ್ವಂತ ಮನೆಯಿಲ್ಲ, ಅದು ಅಕ್ಕಪಕ್ಕದ ಎರಡು ಮನೆಗಳಲ್ಲಿ ಹಂಚಿಹೋಗಿದೆ. ‘ನಾಳೆ ರಜ ಕೊಟ್ರೆ ಊರಿಗೆ ಹೋಗ್ತೀನಿ’ ಎನ್ನಿ. ರಜ ಸಿಕ್ಕೀತು ಎಂಬ ನಂಬಿಕೆಯಿದ್ದರೆ ‘ಇಫ್ ದೇ ಗಿವ್ ಅಸ್ ಎ ಹಾಲಿಡೇ ಟುಮಾರೋ, ಐ ವಿಲ್ ಗೋ ಹೋಮ್’. ಎಲ್ಲಿಯ ರಜ ಎಂಬ ಭಾವವಿದ್ದರೆ ‘ಇಫ್ ದೇ ಗೇವ್ ಅಸ್ ಎ ಹಾಲಿಡೇ ಟುಮಾರೋ, ಐ ವುಡ್ ಗೋ ಹೋಮ್’. ಕನ್ನಡದಲ್ಲಿ ಈ ವ್ಯತ್ಯಾಸವನ್ನು ಬಹುಪಾಲು ದನಿಯೇ ಹೇಳುತ್ತದೆ, ಇಲ್ಲವಾದರೆ ಒಂದು ‘ಏನಾದ್ರೂ’. ಇಂಗ್ಲಿಷಿನಲ್ಲಿ ಅದನ್ನು ಕ್ರಿಯಾಪದ ಹೇಳಬೇಕು.

ಆಚೆ ಬದಿಯ ಮನೆ ‘ಕಾರ್ ಇದ್ದಿದ್ರೆ ಬಿಡ್ತಿದ್ದೆ’ ಅನ್ನುವಂಥದ್ದು. ಈಗ ಎದುರಿಗೆ ನಿಂತವರಿಗೆ ಹೇಳಿದರೂ ಇದೇ ಮಾತು, ನಿನ್ನೆಯ ವಿಷಯವಾದರೂ ಇದೇ. ಈಗಿನದಾದರೆ ‘ಇಫ್ ಐ ಹ್ಯಾಡ್ ಎ ಕಾರ್, ಐ ವುಡ್ ಡ್ರಾಪ್ ಯೂ’. ನಿನ್ನೆಯದಾದರೆ ‘ಇಫ್ ಐ ಹ್ಯಾಡ್ ಹ್ಯಾಡ್ ಎ ಕಾರ್, ಐ ವುಡ್ ಹ್ಯಾವ್ ಡ್ರಾಪ್ಡ್ ಯೂ’. ಎರಡು ‘ಹ್ಯಾಡ್’ ನೋಡಿ ಅಚ್ಚಿನ ದೋಷ ಎಂದುಕೊಳ್ಳಬೇಡಿ. ಇಂಥ ವಾಕ್ಯ ಸಿಕ್ಕಾಗಲೆಲ್ಲ ಎಡಪುಟದಲ್ಲೇ ‘ಈಗ’ ಅಥವಾ ‘ಆಗ’ ಎಂದು ಬರೆದುಬಿಡಿ, ಅರ್ಧ ಕೆಲಸ ಅಲ್ಲಿಗೆ ಮುಗಿಯುತ್ತದೆ.

ನಾಳೆಯ ಮಾತಿಗೆ ಭೂತಕಾಲದ ‘ಗೇವ್’ ಎಲ್ಲಿಂದ ಬಂತು ಎಂದು ಗಾಬರಿಯಾಗುವವರು ಒಮ್ಮೆ ಕನ್ನಡದ ‘ಬಂದರೆ’ಯನ್ನು ಬಿಡಿಸಿ ನೋಡಬೇಕು. ‘ನಾಳೆ ಬಂದರೆ’ಯಲ್ಲಿರುವ ‘ಬಂದ’ ಕೂಡ ಭೂತದ ರೂಪವೇ. ನಾವು ಈ ಆಟ ಆಡುತ್ತಲೇ ಬಂದಿದ್ದೇವೆ, ಗಮನಿಸಿಲ್ಲ ಅಷ್ಟೆ.

ಬರೆದದ್ದನ್ನು ತಿದ್ದುವಾಗ ಎರಡು ಕಡೆ ಕಣ್ಣಿಡಿ. ಒಂದು, ಎರಡೂ ಭಾಗದಲ್ಲಿ ‘ವುಡ್’ ಬಂದಿದೆಯೇ? ‘ಇಫ್ ಐ ವುಡ್ ಹ್ಯಾವ್ ನೋನ್’ ಎಂಬುದು ಅಮೆರಿಕದ ಆಡುಮಾತಿನಲ್ಲಿ ಕೇಳಸಿಗುತ್ತದೆ. ಪರೀಕ್ಷೆಯಲ್ಲಿ, ಕಚೇರಿ ಪತ್ರದಲ್ಲಿ ತಪ್ಪು. ‘ಇಫ್’ ಇರುವ ಭಾಗದಲ್ಲಿ ‘ಹ್ಯಾಡ್ ನೋನ್’ ಇರಲಿ. ಎರಡು, ‘ವುಡ್ ಹ್ಯಾವ್’ ಆದ ಮೇಲೆ ಕ್ರಿಯಾಪದದ ಮೂರನೇ ರೂಪ ಬಂದಿದೆಯೇ? ‘ವುಡ್ ಹ್ಯಾವ್ ಕೇಮ್’, ‘ವುಡ್ ಹ್ಯಾವ್ ವೆಂಟ್’ ಬಹಳ ಸಾಮಾನ್ಯವಾದ ತಪ್ಪುಗಳು. ಕಮ್–ಕೇಮ್–ಕಮ್, ಗೋ–ವೆಂಟ್–ಗಾನ್, ಸೀ–ಸಾ–ಸೀನ್, ಟೇಕ್–ಟುಕ್–ಟೇಕನ್, ಗಿವ್–ಗೇವ್–ಗಿವನ್, ಈಟ್–ಏಟ್–ಈಟನ್, ನೋ–ನ್ಯೂ–ನೋನ್ – ಇಷ್ಟು ಗಟ್ಟಿಯಾದರೆ ದಿನದ ಮಾತಿನ ದೊಡ್ಡ ಭಾಗ ಸುಧಾರಿಸುತ್ತದೆ.

ಪ್ರಶ್ನೆ: ಹೈಸ್ಕೂಲಿನಲ್ಲಿ ಇಂಗ್ಲಿಷ್ ಕಲಿಸುತ್ತೇನೆ. ‘ಅನ್‌ಲೆಸ್ ಯೂ ಡೋಂಟ್ ಸ್ಟಡಿ, ಯೂ ವಿಲ್ ನಾಟ್ ಪಾಸ್’ ಎಂದು ಮಕ್ಕಳು ಬರೆಯುವುದನ್ನು ವರ್ಷಗಟ್ಟಲೆ ತಿದ್ದಿದರೂ ನಿಲ್ಲುತ್ತಿಲ್ಲ.

ಉತ್ತರ: ‘ಓದದ ಹೊರತು ಪಾಸಾಗಲ್ಲ’ ಎಂಬ ವಾಕ್ಯ ಅವರ ತಲೆಯಲ್ಲಿದೆ. ನಮ್ಮ ‘ಹೊರತು’ ತನ್ನ ಹಿಂದೆ ‘ಓದದ’ ಎಂಬ ಇಲ್ಲ-ರೂಪವನ್ನು ಬೇಡುತ್ತದೆ. ‘ಅನ್‌ಲೆಸ್’ ಆ ‘ಇಲ್ಲ’ವನ್ನು ತನ್ನ ಹೊಟ್ಟೆಯೊಳಗೇ ಇಟ್ಟುಕೊಂಡಿದೆ. ನಿಯಮ ಹೇಳುವುದಕ್ಕಿಂತ ಬೋರ್ಡಿನಲ್ಲಿ ಮೂರು ಸಾಲು ಬರೆಯಿರಿ: ‘ಓದದಿದ್ದರೆ’, ಅದರ ಕೆಳಗೆ ‘ಇಫ್ ಯೂ ಡೋಂಟ್ ಸ್ಟಡಿ’, ಅದರ ಕೆಳಗೆ ‘ಅನ್‌ಲೆಸ್ ಯೂ ಸ್ಟಡಿ’. ಎರಡನೇ ಸಾಲಿನ ‘ಇಫ್’ ಮತ್ತು ‘ಡೋಂಟ್’ ಎರಡನ್ನೂ ಮಕ್ಕಳ ಕೈಯಿಂದಲೇ ಅಳಿಸಿ, ಆ ಜಾಗಕ್ಕೆ ‘ಅನ್‌ಲೆಸ್’ ಹಾಕಿಸಿ. ಅಳಿಸಿದ್ದು ಎರಡು ಪದ, ಹಾಕಿದ್ದು ಒಂದು ಎಂಬುದು ಕಣ್ಣಿಗೆ ಬೀಳಬೇಕು. ‘ಡಸ್’ ಹೋದ ಕಡೆ ಕ್ರಿಯಾಪದಕ್ಕೆ ‘ಎಸ್’ ಮರಳಿ ಬರುತ್ತದೆ ಎಂಬುದನ್ನೂ ಆಗಲೇ ತೋರಿಸಿ: ‘ಇಫ್ ಶಿ ಡಸಂಟ್ ಕಮ್’ ಇದ್ದದ್ದು ‘ಅನ್‌ಲೆಸ್ ಶಿ ಕಮ್ಸ್’ ಆಗುತ್ತದೆ.

ಪ್ರಶ್ನೆ: ‘ಇಫ್’ ಆದ ಮೇಲೆ ‘ವಿಲ್’ ಬರಲೇಬಾರದು ಎಂದು ಕಲಿತಿದ್ದೆ. ಆಫೀಸಿನ ಇಮೇಲ್‌ಗಳಲ್ಲಿ ದಿನವೂ ಕಾಣುತ್ತದೆ. ಎಲ್ಲರೂ ತಪ್ಪು ಬರೆಯುತ್ತಾರೆಯೇ?

ಉತ್ತರ: ಕೆಲವರು ತಪ್ಪು ಬರೆಯುತ್ತಾರೆ, ಎಲ್ಲರೂ ಅಲ್ಲ. ‘ಐ ಡೋಂಟ್ ನೋ ಇಫ್ ಹಿ ವಿಲ್ ಕಮ್’ ಸರಿ, ಏಕೆಂದರೆ ಅದು ಷರತ್ತೇ ಅಲ್ಲ. ಕನ್ನಡ ಮಾಡಿ ನೋಡಿ: ‘ಬಂದರೆ’ ಎಂದಾಗುವುದಿಲ್ಲ, ‘ಬರ್ತಾನೋ ಇಲ್ವೋ’ ಎಂದಾಗುತ್ತದೆ. ‘-ಓ ಇಲ್ವೋ’ ಬಂದ ಕಡೆ ‘ವಿಲ್’ಗೆ ಅಡ್ಡಿಯಿಲ್ಲ, ‘-ರೆ’ ಬಂದ ಕಡೆ ಸಾಮಾನ್ಯವಾಗಿ ಬೇಡ. ‘ಇಫ್ ಇಟ್ ವಿಲ್ ರೇನ್ ಟುಮಾರೋ, ಐ ವಿಲ್ ಸ್ಟೇ ಹೋಮ್’ ತಪ್ಪು. ‘ಇಫ್ ಇಟ್ ರೇನ್ಸ್’ ಆಗಬೇಕು. ಇನ್ನೊಂದು ವಿನಾಯಿತಿ ವಿನಂತಿಯದು. ‘ಇಫ್ ಯೂ ವಿಲ್ ವೇಟ್ ಹಿಯರ್, ಐ ವಿಲ್ ಕಾಲ್ ದ ಡಾಕ್ಟರ್’ ಎಂಬಲ್ಲಿ ‘ವಿಲ್’ ಹೇಳುತ್ತಿರುವುದು ‘ದಯವಿಟ್ಟು ಕಾಯುವಿರಾದರೆ’ ಎಂದು. ಪತ್ರದಲ್ಲಿ ‘ಐ ವುಡ್ ಬಿ ಗ್ರೇಟ್‌ಫುಲ್ ಇಫ್ ಯೂ ವುಡ್ ಸೆಂಡ್ ದ ಫೈಲ್’ ಎಂದು ಎರಡು ‘ವುಡ್’ ಬರುವುದೂ ಇದೇ ಮರ್ಯಾದೆಗೆ. ನಿಮಗೆ ಧೈರ್ಯ ಸಾಲದಿದ್ದರೆ ಎರಡನೆಯದನ್ನು ‘ಕುಡ್’ ಮಾಡಿ, ಯಾರೂ ತಕರಾರು ಮಾಡುವುದಿಲ್ಲ.

ಪ್ರಶ್ನೆ: ‘ಇಫ್ ಐ ವಾಸ್’ ಸರಿಯೋ, ‘ಇಫ್ ಐ ವರ್’ ಸರಿಯೋ?

ಉತ್ತರ: ಕಲ್ಪನೆಯಾದರೆ ‘ವರ್’ ಬರೆಯಿರಿ. ಆಡುಮಾತಿನಲ್ಲಿ ‘ವಾಸ್’ ಕೂಡ ನಡೆಯುತ್ತದೆ, ಆದರೆ ‘ಇಫ್ ಐ ವರ್ ಯೂ’ ಎಂಬ ಬುದ್ಧಿಮಾತಿನಲ್ಲಿ ‘ವರ್’ ಅನ್ನೇ ಇಟ್ಟುಕೊಳ್ಳಿ. ಹಾಗೆಂದು ‘ಇಫ್’ ಕಂಡಲ್ಲೆಲ್ಲ ‘ವರ್’ ತುರುಕಬೇಡಿ. ನಿನ್ನೆ ಒರಟಾಗಿ ಮಾತಾಡಿದ್ದಿರಬಹುದು, ಕ್ಷಮಿಸಿ ಎನ್ನುವಾಗ ‘ಇಫ್ ಐ ವಾಸ್ ರೂಡ್ ಯೆಸ್ಟರ್‌ಡೇ, ಐ ಆಮ್ ಸಾರಿ’ ಎನ್ನಬೇಕು. ಅದು ನಡೆದಿರಬಹುದಾದ ನಿನ್ನೆಯ ಮಾತು. ಅಲ್ಲಿ ‘ವರ್’ ಹಾಕಿದರೆ, ತಾನು ಒರಟಾಗಿ ನಡೆದುಕೊಂಡೇ ಇಲ್ಲ ಎಂದು ವಾದಿಸಿದ ಹಾಗೆ ಕೇಳಿಸುತ್ತದೆ.