ಯಂತ್ರ ಪ್ರಶ್ನೋತ್ತರ: ಪಿಟಿಒಗೆ ಕಚ್ಚಿಕೊಂಡ ಶಾಫ್ಟ್ ಬಿಡಿಸುವುದು ಹೇಗೆ?

ಪ್ರಶ್ನೆ: ನಮ್ಮದು ಹಳೆಯ ಟ್ರ್ಯಾಕ್ಟರ್. ರೋಟವೇಟರಿನ (ಮಣ್ಣು ಪುಡಿ ಮಾಡುವ ಉಪಕರಣ) ಶಾಫ್ಟನ್ನು ಎರಡು ಹಂಗಾಮು ಬಿಚ್ಚಿರಲಿಲ್ಲ. ಈಗ ಟ್ರ್ಯಾಕ್ಟರ್ ಕಡೆಯ ಯೋಕ್ (ಶಾಫ್ಟಿನ ತುದಿಯ ಕವಲು ತುಂಡು) ಪಿಟಿಒ ಮೇಲೆ, ಅಂದರೆ ಉಪಕರಣಕ್ಕೆ ಶಕ್ತಿ ಕೊಡುವ ಟ್ರ್ಯಾಕ್ಟರಿನ ಹಿಂದಿನ ತಿರುಗುವ ದಂಡದ ಮೇಲೆ, ಕಚ್ಚಿಕೊಂಡಿದೆ. ಡೀಸೆಲ್ ಹಾಕಿ ಸುತ್ತಿಗೆಯಲ್ಲಿ ಹೊಡೆದರೂ ಅಲುಗುತ್ತಿಲ್ಲ. ಸರಪಳಿ ಕಟ್ಟಿ ಇನ್ನೊಂದು ಟ್ರ್ಯಾಕ್ಟರಿನಿಂದ ಎಳೆಸಬಹುದೇ?

ಉತ್ತರ: ದಯವಿಟ್ಟು ಎಳೆಸಬೇಡಿ. ಆ ಎಳೆತ ಪಿಟಿಒ ಶಾಫ್ಟಿನ ಮೂಲಕ ಒಳಗಿನ ಬೇರಿಂಗಿಗೆ, ಅದನ್ನು ಹಿಡಿದಿರುವ ಸರ್ಕ್ಲಿಪ್ಪಿಗೆ (ಸ್ಪ್ರಿಂಗ್ ಉಂಗುರ) ಬೀಳುತ್ತದೆ. ಸರಪಳಿ ಹರಿದರೆ ಹತ್ತಿರ ನಿಂತವರ ಜೀವಕ್ಕೇ ಕುತ್ತು. ಪಿಟಿಒ ಶಾಫ್ಟಿನ ತುದಿಗೆ ಸುತ್ತಿಗೆ ಹಾಕುವುದೂ ಅಷ್ಟೇ ತಪ್ಪು. ಯೋಕ್ ಕೆಟ್ಟರೆ ಇನ್ನೊಂದು ಹಾಕಬಹುದು, ಬೇರಿಂಗ್ ಕೆಟ್ಟರೆ ಹೌಸಿಂಗ್ ಬಿಚ್ಚಬೇಕು. ಹಾಗಾಗಿ ಏನೇ ಮಾಡಿದರೂ ಬಲ ಯೋಕ್ ಮತ್ತು ಶಾಫ್ಟಿನ ನಡುವೆಯೇ ಮುಗಿಯಬೇಕು, ಟ್ರ್ಯಾಕ್ಟರಿನ ಒಳಕ್ಕೆ ಹೋಗಬಾರದು.

ಮೊದಲು ಲಾಕ್ ಪಿನ್ ನೋಡಿ. ಯೋಕಿನ ಪಕ್ಕದಲ್ಲಿ ಒತ್ತುವ ಈ ಪಿನ್ ಪಿಟಿಒ ಶಾಫ್ಟಿನ ತೋಡಿನಲ್ಲಿ ಕೂತಿರುತ್ತದೆ. ಮಣ್ಣು, ತುಕ್ಕು ಸೇರಿ ಅದು ಒಳಗೇ ಸಿಕ್ಕಿಕೊಂಡಿದ್ದರೆ ಎಷ್ಟು ಎಳೆದರೂ ಯೋಕ್ ಬರುವುದಿಲ್ಲ. ತಂತಿ ಬ್ರಷ್ಷಿನಿಂದ ಉಜ್ಜಿ, ತುಕ್ಕು ಬಿಡಿಸುವ ಸ್ಪ್ರೇ ಹೊಡೆದು, ಹಿತ್ತಾಳೆ ಸರಳಿನಿಂದ ಮೆಲ್ಲಗೆ ತಟ್ಟಿ. ಪಿನ್ ಸ್ಪ್ರಿಂಗಿನಂತೆ ಒಳಹೊರಗೆ ಆಡತೊಡಗಿದ ಮೇಲೆ ಅದನ್ನು ಒತ್ತಿದ ಸ್ಥಿತಿಯಲ್ಲೇ ಕ್ಲ್ಯಾಂಪ್ ಹಾಕಿ ನಿಲ್ಲಿಸಿ. ಕೆಲವು ಹಳೆಯ ಯೋಕ್‌ಗಳಲ್ಲಿ ಪಿನ್ ಬದಲು ಅಡ್ಡಲಾಗಿ ಬೋಲ್ಟ್ ಹಾಕಿರುತ್ತಾರೆ. ಗ್ರೀಸಿನ ಪದರದಡಿ ಅದು ಕಾಣುವುದೇ ಇಲ್ಲ, ಕೆರೆದು ನೋಡಬೇಕು.

ಲಾಕ್ ಬಿಟ್ಟರೂ ಯೋಕ್ ಬಾರದಿದ್ದರೆ ಕಾರಣ ತುಕ್ಕು, ಇಲ್ಲವೇ ಪಿಟಿಒ ಶಾಫ್ಟಿನ ಮೈಮೇಲಿನ ಉದ್ದನೆಯ ಹಲ್ಲು ತಿರುಚಿರುವುದು. ಇಂಜಿನ್ ನಿಲ್ಲಿಸಿ, ಕೀಲಿ ತೆಗೆದು, ಸ್ಟಾಪ್ ನಾಬ್ ಎಳೆದಿಟ್ಟು ಕೆಲಸಕ್ಕೆ ಇಳಿಯಿರಿ. ಯುಜೆ ಕ್ರಾಸಿನ (ಯೋಕನ್ನು ಉದ್ದನೆಯ ಶಾಫ್ಟಿಗೆ ಜೋಡಿಸುವ ಅಡ್ಡ ತುಂಡು) ಸರ್ಕ್ಲಿಪ್ ತೆಗೆದು, ಅದರ ಬೇರಿಂಗ್ ಕಪ್‌ಗಳನ್ನು ಹೊರಗೆ ತಳ್ಳಿ, ಉದ್ದನೆಯ ಶಾಫ್ಟನ್ನು ಬೇರ್ಪಡಿಸಿ. ಪಿಟಿಒ ಮೇಲೆ ಯೋಕ್ ಒಂದೇ ಉಳಿದಾಗ ಕೈಯಾಡಿಸಲು ಜಾಗ ಸಿಗುತ್ತದೆ.

ಡೀಸೆಲ್ ಒಂದೇ ಸಾಲದು. ಸ್ಪ್ರೇಯನ್ನು ಯೋಕಿನ ಎರಡೂ ತುದಿಯ ಸಂದಿಗೆ ಬೆಳಿಗ್ಗೆ-ಸಂಜೆ ಹೊಡೆದು, ಎಣ್ಣೆ ಬಟ್ಟೆ ಸುತ್ತಿ 2 ದಿನ ಬಿಡಿ. ನಡುನಡುವೆ ಎರಡು ಸುತ್ತಿಗೆ ಹಿಡಿದು ತಟ್ಟಬೇಕು. ಒಂದನ್ನು ಯೋಕಿನ ಒಂದು ಪಕ್ಕಕ್ಕೆ ಆನಿಸಿ ಹಿಡಿಯಿರಿ, ಎದುರು ಪಕ್ಕದಿಂದ ಇನ್ನೊಂದರಲ್ಲಿ ತಟ್ಟಿ, ಸುತ್ತ ತಿರುಗಿಸುತ್ತಾ ಹೋಗಿ. ಏಟು ಆನಿಸಿದ ಸುತ್ತಿಗೆಯಲ್ಲೇ ನಿಲ್ಲುವುದರಿಂದ ಬೇರಿಂಗಿಗೆ ಪೆಟ್ಟಿಲ್ಲ, ತುಕ್ಕು ಮಾತ್ರ ಬಿರುಕು ಬಿಟ್ಟು ಎಣ್ಣೆಗೆ ದಾರಿಯಾಗುತ್ತದೆ.

ಆಮೇಲೆ ಪಿಟಿಒ ಲಿವರ್ ಹಾಕಿ, ಕ್ಲಚ್ ಒತ್ತದೆ ಬಿಡಿ. ಇಂಜಿನ್ನಿನ ಕಂಪ್ರೆಶನ್ ಶಾಫ್ಟನ್ನು ಹಿಡಿದುಕೊಳ್ಳುತ್ತದೆ. ಪೈಪ್ ರೆಂಚಿನಿಂದ ಯೋಕನ್ನು ಅತ್ತಿತ್ತ ಅಲ್ಲಾಡಿಸಿ, ಮೊದಲ ಒತ್ತು ಪಿಟಿಒ ತಿರುಗುವ ದಿಕ್ಕಿಗೇ ಇರಲಿ, ಅಂದರೆ ಹಿಂದೆ ನಿಂತು ನೋಡಿದರೆ ಗಡಿಯಾರದ ಮುಳ್ಳಿನ ದಿಕ್ಕಿಗೆ. ಕೆಲಸ ಮಾಡುವಾಗ ಶಾಫ್ಟಿನ ಹಲ್ಲು ಯೋಕನ್ನು ನೂಕುವುದು ಆ ದಿಕ್ಕಿಗೇ, ಹಾಗಾಗಿ ಯೋಕನ್ನು ಇನ್ನಷ್ಟು ಮುಂದಕ್ಕೆ ತಿರುಗಿಸಿದರೆ ಒತ್ತಿ ಕೂತಿದ್ದ ಮುಖ ಬಿಡುತ್ತದೆ. ಕೂದಲೆಳೆಯಷ್ಟು ಆಡಿದರೂ ಅರ್ಧ ಗೆದ್ದಂತೆ.

ಈಗ ಪುಲ್ಲರ್. ಎರಡು ಕಾಲಿನ ಬೇರಿಂಗ್ ಪುಲ್ಲರಿನ ಕೊಕ್ಕೆಗಳನ್ನು ಯೋಕಿನ ಹಿಂಬದಿಗೆ ಸಿಕ್ಕಿಸಿ, ನಡುವಿನ ಸ್ಕ್ರೂವನ್ನು ಶಾಫ್ಟಿನ ತುದಿಯ ನಡುಗುಳಿಗೆ ಕೂರಿಸಿ. ಕೊಕ್ಕೆಗೆ ಹಿಡಿತ ಸಿಗದಿದ್ದರೆ ಯೋಕಿನ ಕಿವಿಗಳ ತೂತಿಗೆ ದಪ್ಪ ಸರಳು ತೂರಿಸಿ, ಅದರ ನಡುವೆ ಥ್ರೆಡ್ ಹಾಕಿಸಿದ ಬೋಲ್ಟನ್ನು ಶಾಫ್ಟಿಗೆ ಒತ್ತುವಂತೆ ತಿರುಗಿಸಿ. ಸ್ಕ್ರೂ ಶಾಫ್ಟನ್ನು ಒತ್ತುತ್ತದೆ, ಸರಳು ಯೋಕನ್ನು ಎಳೆಯುತ್ತದೆ, ಬೇರಿಂಗಿಗೆ ಹೊರೆಯೇ ಬೀಳದು. ಬಿಗಿ ಮಾಡಿ, ಪಕ್ಕದಿಂದ ತಟ್ಟಿ, ಹತ್ತು ನಿಮಿಷ ಬಿಟ್ಟು ಮತ್ತೆ ಕಾಲು ಸುತ್ತು ಬಿಗಿ ಮಾಡಿ. ಒಂದೇ ಉಸಿರಿಗೆ ಬಿಗಿದರೆ ಪುಲ್ಲರಿನ ಕಾಲು ಮುರಿಯುತ್ತದೆ.

ಇಷ್ಟಕ್ಕೂ ಜಗ್ಗದಿದ್ದರೆ ಬಿಸಿ. ಸ್ಪ್ರೇ ಬೇಗ ಹೊತ್ತಿಕೊಳ್ಳುತ್ತದೆ, ಹಾಗಾಗಿ ಮೊದಲು ಪೂರ್ತಿ ಒರೆಸಿ, ಪ್ಲಾಸ್ಟಿಕ್ ಗಾರ್ಡ್ ತೆಗೆದು, ಆಯಿಲ್ ಸೀಲ್ (ಆಯಿಲ್ ಸೋರದಂತೆ ತಡೆಯುವ ರಬ್ಬರ್ ಬಳೆ) ಕಡೆಯ ಶಾಫ್ಟಿಗೆ ಒದ್ದೆ ಬಟ್ಟೆ ಸುತ್ತಿ. ಸಾಮಾನ್ಯ ರಬ್ಬರ್ ಸೀಲ್ 100 ಡಿಗ್ರಿ ದಾಟಿದ ಶಾಖವನ್ನು ಹೆಚ್ಚು ಹೊತ್ತು ತಾಳದು. ಯೋಕಿನ ಸುತ್ತ ಉರಿಯನ್ನು ಬೇಗ ಬೇಗ ಆಡಿಸಿ. ನಿಧಾನವಾದರೆ ಒಳಗಿನ ಶಾಫ್ಟೂ ಕಾದು ಹಿಗ್ಗಿ ಲಾಭವಿಲ್ಲ. ಶಾಫ್ಟಿಗಿಂತ ಯೋಕ್ 150 ಡಿಗ್ರಿ ಹೆಚ್ಚು ಬಿಸಿಯಾದರೆ 35 ಮಿ.ಮೀ. ರಂಧ್ರ ಹಿಗ್ಗುವುದು 0.06 ಮಿ.ಮೀ. ಮಾತ್ರ, ಆದರೆ ತುಕ್ಕಿನ ಹಿಡಿತ ಬಿಡಿಸಲು ಅದು ಸಾಕು. ಕೆಂಪಾಗುವವರೆಗೆ ಕಾಯಿಸುವ ಅಗತ್ಯವಿಲ್ಲ.

ಕೊನೆಯ ದಾರಿ ಯೋಕನ್ನು ಸೀಳುವುದು. ನಿಮಿಷಕ್ಕೆ 540 ಸುತ್ತಿನ ಪಿಟಿಒ ಶಾಫ್ಟಿಗೆ 6 ಹಲ್ಲು, 35 ಮಿ.ಮೀ. ವ್ಯಾಸ. ತುದಿಯಿಂದ ನೋಡಿ, ಯೋಕಿನ ಹಲ್ಲು ಶಾಫ್ಟಿನ ತೋಡಿನೊಳಗೆ ಇಳಿದಿರುವ ಜಾಗವನ್ನು ಯೋಕಿನ ಹೊರಮೈಯಲ್ಲಿ ಸುಣ್ಣದ ಕಡ್ಡಿಯಿಂದ ಗುರುತಿಸಿ. ಅಲ್ಲಿ ಯೋಕಿನ ಲೋಹ ಹೆಚ್ಚು ದಪ್ಪ. ಗ್ರೈಂಡರ್ ಸ್ವಲ್ಪ ಆಳಕ್ಕೆ ಹೋದರೂ ಕೊಯ್ಯುವುದು ಯೋಕಿನ ಹಲ್ಲನ್ನೇ, ಶಾಫ್ಟಿನದ್ದನ್ನಲ್ಲ. ಪೂರ್ತಿ ಕತ್ತರಿಸದೆ ತೆಳು ಪದರ ಉಳಿಸಿ, ಉಳಿಯಿಟ್ಟು ಹೊಡೆದರೆ ಸೀಳು ಬಿಟ್ಟುಕೊಳ್ಳುತ್ತದೆ. ಕನ್ನಡಕ ಹಾಕದೆ ಗ್ರೈಂಡರ್ ಮುಟ್ಟಬೇಡಿ.

ಪ್ರಶ್ನೆ: ಯೋಕ್ ಬಂತು, ಆದರೆ ಪಿಟಿಒ ಶಾಫ್ಟಿನ ಹಲ್ಲುಗಳು ಓರೆಯಾಗಿ ತಿರುಚಿವೆ. ಅರ ಹಾಕಿ ಸರಿ ಮಾಡಬಹುದೇ?

ಉತ್ತರ: ಅಂಚಿನ ಸಣ್ಣ ಮುಳ್ಳುಗಳನ್ನು ನುಣುಪು ಅರದಿಂದ ತೆಗೆಯಬಹುದು. ಹಲ್ಲೇ ತಿರುಚಿದ್ದರೆ ಶಾಫ್ಟ್ ಬದಲಿಸಿ. ಉಜ್ಜಿ ತೆಳು ಮಾಡಿದ ಹಲ್ಲು ಹೊಸ ಯೋಕನ್ನೂ ಕೆಡಿಸುತ್ತದೆ. ಅನೇಕ ಹಳೆಯ ಮಾಡೆಲ್‌ಗಳಲ್ಲಿ ಹಿಂದಿನ ಬೇರಿಂಗ್ ಕ್ಯಾಪಿನ ಬೋಲ್ಟ್ ತೆಗೆದರೆ ಶಾಫ್ಟ್ ಬೇರಿಂಗ್ ಸಮೇತ ಹಿಂದಕ್ಕೆ ಬರುತ್ತದೆ. ಮೊದಲು ಆಯಿಲ್ ಇಳಿಸಿ. ಶಾಫ್ಟ್ ಉದ್ದವಾಗಿದ್ದರೆ ಇನ್ನೊಬ್ಬರು ತುದಿಯನ್ನು ಎತ್ತಿ ಹಿಡಿಯಬೇಕು, ಭಾರಕ್ಕೆ ಬಾಗಿದರೆ ಒಳತುದಿಯ ಹಲ್ಲು ಸಿಕ್ಕಿಕೊಳ್ಳುತ್ತದೆ. ಆಯಿಲ್ ಸೀಲ್ ಹೇಗೂ ಹೊಸದೇ ಹಾಕಿ, ತುಟಿ ಆಯಿಲ್ ಕಡೆಗಿರಲಿ. ಸೀಲ್ ತೂರಿಸುವ ಮುಂಚೆ ಹಲ್ಲುಗಳ ಮೇಲೆ ಟೇಪ್ ಸುತ್ತಿ ಗ್ರೀಸ್ ಸವರಿ. ಚೂಪು ಅಂಚು ತುಟಿಯನ್ನು ಕೊಯ್ದರೆ ಹೊಸ ಸೀಲೂ ಮೊದಲ ದಿನವೇ ಸೋರುತ್ತದೆ.

ಪ್ರಶ್ನೆ: ಪ್ರತಿ ಸಲ ಗ್ರೀಸ್ ಹಾಕಿದರೂ ಯೋಕ್ ಬಿಗಿಯಾಗುತ್ತದೆ. ಏಕೆ?

ಉತ್ತರ: ಉಪಕರಣದ ಶಾಫ್ಟ್ ಬೇಕಾದ್ದಕ್ಕಿಂತ ಉದ್ದವಾಗಿರಬಹುದು. ಉಪಕರಣ ಎತ್ತುವಾಗ ಆ ಶಾಫ್ಟಿನ ಒಂದರೊಳಗೊಂದು ಜಾರುವ ಒಳ-ಹೊರ ಪೈಪ್ ಪೂರ್ತಿ ಮುಚ್ಚಿಕೊಂಡರೆ ಆ ಒತ್ತಡ ನೇರ ಪಿಟಿಒಗೆ ಹೋಗುತ್ತದೆ. ಎರಡು ತುದಿ ಅತಿ ಹತ್ತಿರ ಬರುವ ಎತ್ತರದಲ್ಲಿ ಅಳೆದು ನೋಡಿ, ಆಗಲೂ 25 ಮಿ.ಮೀ. ಆದರೂ ಸಂದು ಉಳಿಯಬೇಕು. ಅತಿ ಉದ್ದ ಚಾಚಿದಾಗ ಪೈಪ್ ಮೂರನೇ ಒಂದು ಭಾಗವಾದರೂ ಒಂದರೊಳಗೊಂದು ಇರಬೇಕು. ಶಿಯರ್ ಬೋಲ್ಟ್ (ಹೊರೆ ಹೆಚ್ಚಾದಾಗ ತಾನೇ ತುಂಡಾಗುವ ರಕ್ಷಣಾ ಬೋಲ್ಟ್) ಪದೇ ಪದೇ ತುಂಡಾಗುತ್ತದೆಂದು ಗಟ್ಟಿ ಬೋಲ್ಟ್ ಹಾಕಿದ್ದರೆ ಇಂದೇ ತೆಗೆದು, ಕಂಪನಿ ಹೇಳಿದ ದರ್ಜೆಯದನ್ನೇ ಹಾಕಿ. ಕಲ್ಲಿಗೆ ಬಡಿದ ಏಟು ಬೋಲ್ಟಿನಲ್ಲಿ ಮುಗಿಯದಿದ್ದರೆ ತಿರುಚಿಕೊಳ್ಳುವುದು ಪಿಟಿಒ ಹಲ್ಲು.