ಕಾರ್ಯಕ್ರಮ ಸುಧಾರಣೆಗೂ ಎಥಿಕ್ಸ್ ಕಮಿಟಿ ಬೇಕಾ?

ಪ್ರಿಯ ಓದುಗರೇ,

ಹೆಸರು ಹಾಕಬೇಡಿ ಎಂದಿದ್ದೀರಿ, ಹಾಕಿಲ್ಲ. ನೀವು ಆರೋಗ್ಯ ಇಲಾಖೆಯೊಂದರಲ್ಲಿ ಕ್ಷಯರೋಗದ ಕಾರ್ಯಕ್ರಮ ನೋಡಿಕೊಳ್ಳುವವರು. ಕಾರ್ಯಕರ್ತೆ ವಾರವಾರ ರೋಗಿಯ ಮನೆಗೆ ಹೋಗುವ ಬದಲು ಫೋನ್ ಮಾಡಿ ಮಾತ್ರೆ ವಿಚಾರಿಸಿದರೆ ಸಾಕಾಗುತ್ತಾ ಎಂದು ಅರ್ಧ ಕೇಂದ್ರಗಳಲ್ಲಿ ನೋಡಬೇಕು ಎನ್ನುವುದು ನಿಮ್ಮ ಯೋಜನೆ. ಮೇಲಧಿಕಾರಿಗಳು ಎಥಿಕ್ಸ್ ಕಮಿಟಿಗೆ, ಅಂದರೆ ಜನರ ಮೇಲೆ ನಡೆಯುವ ಸಂಶೋಧನೆ ನ್ಯಾಯವಾಗಿದೆಯಾ ಎಂದು ಮೊದಲೇ ಪರಿಶೀಲಿಸುವ ಸಮಿತಿಗೆ, ಕಳಿಸಿ ಅಂದರು. ಫೈಲು ಅಲ್ಲೇ ಕೂತಿದೆ. "ಇದು ಸಂಶೋಧನೆ ಅಲ್ಲ, ಕಾರ್ಯಕ್ರಮದ ಸುಧಾರಣೆ. ಹೊಸ ಔಷಧಿ ಇಲ್ಲ, ಸೂಜಿ ಇಲ್ಲ. ಒಳ್ಳೆಯದು ಮಾಡೋಕೂ ಅಪ್ಪಣೆ ಬೇಕಾ?" ಎಂದು ಕೇಳಿದ್ದೀರಿ.

ನಿಮ್ಮ ಸಿಟ್ಟಿಗೆ ಅರ್ಥವಿದೆ. ಅಮೆರಿಕದ ಮಿಷಿಗನ್ ರಾಜ್ಯದಲ್ಲಿ ನೂರಕ್ಕೂ ಹೆಚ್ಚು ಐಸಿಯುಗಳು ಸೇರಿ ಒಂದು ಕೆಲಸ ಮಾಡಿದವು. ರಕ್ತನಾಳಕ್ಕೆ ಕ್ಯಾತಿಟರ್ (ತೆಳು ಕೊಳವೆ) ಹಾಕುವಾಗ ಕೈ ತೊಳೆಯುವುದು, ಚರ್ಮವನ್ನು ಸರಿಯಾಗಿ ಶುಚಿ ಮಾಡುವುದು, ರೋಗಿಗೆ ಪೂರ್ತಿ ಬಟ್ಟೆ ಹೊದಿಸುವುದು, ಬೇಡವಾದ ಕೂಡಲೇ ಅದನ್ನು ತೆಗೆಯುವುದು, ಇಂಥ ಐದು ಸಾದಾ ಹೆಜ್ಜೆಗಳನ್ನು ತಪ್ಪದೆ ಪಾಲಿಸಿದವು. ಸೋಂಕು ಗರಿಷ್ಠ ಶೇ. 66ರಷ್ಟು ಕಡಿಮೆಯಾಯಿತು. 2006ರಲ್ಲಿ ಅದರ ವರದಿ ಬಂತು. ಮರುವರ್ಷ ಸರ್ಕಾರದ ಕಚೇರಿಯೊಂದು, ಇದು ಸಂಶೋಧನೆ, ಒಪ್ಪಿಗೆಯ ನಿಯಮ ಪಾಲಿಸಿಲ್ಲ ಎಂದು ತಗಾದೆ ತೆಗೆಯಿತು. ಮಾಹಿತಿ ಸಂಗ್ರಹ ನಿಂತಿತು. ದೊಡ್ಡ ಗಲಾಟೆ ಆದ ಮೇಲೆ, 2008ರಲ್ಲಿ, ಮುಂದುವರಿಸಿ ಅಂದರು. ಕೈ ತೊಳೆಯಿರಿ ಎಂದು ಡಾಕ್ಟರಿಗೆ ನೆನಪಿಸುವುದಕ್ಕೂ ರೋಗಿಯ ಸಹಿ ಬೇಕು ಅಂದರೆ ಯಾರಿಗಾದರೂ ತಲೆ ಕೆಡುತ್ತದೆ, ಅಲ್ವಾ?

ಆದರೆ ನಿಮ್ಮ ಯೋಜನೆ ಆ ಥರದ್ದಲ್ಲ. ಅಲ್ಲಿ ಒಳ್ಳೆಯದೆಂದು ಮೊದಲೇ ಗೊತ್ತಿದ್ದ ಕೆಲಸವನ್ನು ಜಾಸ್ತಿ ಮಾಡಿದರು. ಯಾರಿಂದಲೂ ಏನನ್ನೂ ಕಿತ್ತುಕೊಳ್ಳಲಿಲ್ಲ. ನೀವು ಈಗ ಸಿಗುತ್ತಿರುವ ಒಂದು ಸೇವೆಯನ್ನು ನಿಲ್ಲಿಸಿ, ಏನಾಗುತ್ತದೆ ನೋಡೋಣ ಅನ್ನುತ್ತಿದ್ದೀರಿ. ಅದಕ್ಕೆ ಸಂಶೋಧನೆ ಅನ್ನಿ, ಪೈಲಟ್ ಅನ್ನಿ, ರೋಗಿಗೆ ಎರಡೂ ಒಂದೇ.

ಕ್ಷಯದ ಚಿಕಿತ್ಸೆ ಸಾಮಾನ್ಯವಾಗಿ ಆರು ತಿಂಗಳು. ಕೆಲವೇ ವಾರಗಳಲ್ಲಿ ಕೆಮ್ಮು, ಜ್ವರ ಇಳಿದು ಹುಷಾರಾದೆ ಅನ್ನಿಸುತ್ತದೆ. ಮಾತ್ರೆ ಬಿಡುವುದು ಆಗಲೇ. ಬಿಟ್ಟರೆ ಔಷಧಿಗೆ ಜಗ್ಗದ ಕ್ಷಯ ಬೆಳೆಯಬಹುದು, ಅದು ಮನೆಯ ಬೇರೆಯವರಿಗೂ ಅಂಟಬಹುದು. ಇನ್ನೊಂದು ವಿಷಯ. ಈ ಮಾತ್ರೆಗಳು ಕೆಲವರಿಗೆ ಲಿವರ್ ತೊಂದರೆ ಕೊಡುತ್ತವೆ. ಮನೆಗೆ ಹೋದ ಕಾರ್ಯಕರ್ತೆಗೆ ರೋಗಿಯ ಕಣ್ಣು ಹಳದಿಯಾಗಿರುವುದು ಕಾಣುತ್ತದೆ. "ಚೆನ್ನಾಗಿದ್ದೀನಿ" ಎಂದು ಫೋನಿನಲ್ಲಿ ಹೇಳಿದವರ ಕಣ್ಣು ಯಾರಿಗೆ ಕಾಣಬೇಕು? ಇನ್ನು ಫೋನ್ ಯಾರದು? ಮನೆಗೆಲ್ಲ ಒಂದೇ ಫೋನ್ ಇದ್ದು, ಅದನ್ನು ಅತ್ತೆಯೋ ಮೈದುನನೋ ಎತ್ತಿದರೆ, ಸೊಸೆ ಮುಚ್ಚಿಟ್ಟ ಕಾಯಿಲೆ ಬಯಲಾಯಿತು. ಇದೆಲ್ಲ ನಿಮಗೆ ನನಗಿಂತ ಚೆನ್ನಾಗಿ ಗೊತ್ತು. ಆದರೂ ಪತ್ರದಲ್ಲಿ ಒಂದು ಸಾಲೂ ಇಲ್ಲ. ಹೊರಗಿನವರು ಒಮ್ಮೆ ನೋಡಲಿ ಅನ್ನುವುದು ಇದಕ್ಕೇ.

ಟಸ್ಕಿಗೀ ಅಧ್ಯಯನದ ಬಗ್ಗೆ ನೀವು ಕೇಳಿರುತ್ತೀರಿ. 1932ರಲ್ಲಿ ಅಮೆರಿಕದ ಸಾರ್ವಜನಿಕ ಆರೋಗ್ಯ ಸೇವೆ ಅಲಬಾಮಾದಲ್ಲಿ ಸುಮಾರು 600 ಕಪ್ಪು ಗಂಡಸರ ಮೇಲೆ ಶುರು ಮಾಡಿದ್ದು. ಅವರಲ್ಲಿ 399 ಮಂದಿಗೆ ಸಿಫಿಲಿಸ್ ಎಂಬ ಲೈಂಗಿಕ ರೋಗ ಇತ್ತು. ಅವರಿಗೆ ಹೇಳಿದ್ದು "ಕೆಟ್ಟ ರಕ್ತ"ಕ್ಕೆ ಚಿಕಿತ್ಸೆ ಅಂತ. ಅವರ ಕಣ್ಣಿಗೆ ಅದು ಉಚಿತ ಆರೋಗ್ಯ ಕಾರ್ಯಕ್ರಮ. ಆ ರೋಗವನ್ನು ವಾಸಿ ಮಾಡುವ ಪೆನಿಸಿಲಿನ್ ಬಂದ ಮೇಲೂ ಕೊಡಲಿಲ್ಲ. ನನ್ನನ್ನು ಹೆಚ್ಚು ಕಾಡುವುದು ಬೇರೆ. ಅದು ಗುಟ್ಟಾಗಿ ನಡೆದದ್ದಲ್ಲ, ವೈದ್ಯಕೀಯ ಪತ್ರಿಕೆಗಳಲ್ಲಿ ಲೇಖನಗಳು ಬರುತ್ತಲೇ ಇದ್ದವು. 1969ರಲ್ಲಿ ಒಂದು ಸಮಿತಿಯೂ ಕೂತು ನೋಡಿ, ಮುಂದುವರಿಯಲಿ ಎಂದಿತು. ಕೊನೆಗೆ ನಿಂತದ್ದು 1972ರಲ್ಲಿ, ಪತ್ರಿಕೆಗಳಲ್ಲಿ ಸುದ್ದಿಯಾದ ಮೇಲೆ. ಹಾಗಾಗಿ ಕಮಿಟಿ ಇದ್ದರೆ ಎಲ್ಲ ಸರಿ ಎಂದು ನಾನು ಹೇಳುತ್ತಿಲ್ಲ. ನಿಮ್ಮ ಇಲಾಖೆಯವರೇ ಕೂತು ಮುದ್ರೆ ಒತ್ತುವ ಕಮಿಟಿಯಾದರೆ ಅದು ಸುಮ್ನೆ. ಕ್ಷಯ ಬಂದು ವಾಸಿಯಾದ ಒಬ್ಬರಾದರೂ ಅಲ್ಲಿ ಕೂರಬೇಕು.

ಹೊಸದನ್ನು ಮಾಡಲೇಬೇಡಿ ಅಂತಲೂ ಅಲ್ಲ. 2015ರಲ್ಲಿ ಗಿನಿ ದೇಶದಲ್ಲಿ ಎಬೋಲಾ ಲಸಿಕೆ ಪರೀಕ್ಷಿಸಿದ ರೀತಿ ನೋಡಿ. ಜನ ಸಾಯುತ್ತಿದ್ದ ಹೊತ್ತು. ರೋಗಿಯ ಸಂಪರ್ಕದಲ್ಲಿದ್ದವರನ್ನೂ ಅವರ ಸಂಪರ್ಕದವರನ್ನೂ ಒಂದು ಗುಂಪು ಮಾಡಿದರು. ಕೆಲವು ಗುಂಪುಗಳಿಗೆ ಲಸಿಕೆ ತಕ್ಷಣ, ಉಳಿದವಕ್ಕೆ 21 ದಿನಗಳ ನಂತರ. ಖಾಲಿ ಸೂಜಿ ಚುಚ್ಚಿ ಯಾರನ್ನೂ ಹಾಗೇ ಬಿಡಲಿಲ್ಲ. ಮಧ್ಯದಲ್ಲಿ ಲೆಕ್ಕ ಹಾಕಿದಾಗ ಲಸಿಕೆ ಕೆಲಸ ಮಾಡುವುದು ಕಂಡಿತು. ಕಾಯಿಸುವುದನ್ನು ಅಲ್ಲಿಗೇ ಕೈಬಿಟ್ಟರು.

ನಿಮ್ಮಲ್ಲೂ ಇದು ಸಾಧ್ಯ. ಮೊದಲ ಎರಡು ತಿಂಗಳು ಭೇಟಿ ಹಾಗೇ ಇರಲಿ, ಫೋನ್ ಆಮೇಲೆ. "ಫೋನ್ ಬೇಡ, ಮನೆಗೇ ಬನ್ನಿ" ಎಂದವರ ಮನೆಗೆ ಹೋಗಿ, ಕಾರಣ ಕೇಳಬೇಡಿ. ಮಾತ್ರೆ ತಪ್ಪಿಸಿದವರು ಎಷ್ಟಾದರೆ ಪ್ರಯೋಗ ನಿಲ್ಲಿಸುತ್ತೀರಿ ಎಂದು ಶುರು ಮಾಡುವ ಮುಂಚೆಯೇ ಬರೆದಿಡಿ. ಆಮೇಲೆ ಬರೆಯಲು ಹೋದರೆ ಮನಸ್ಸು ಬರುವುದಿಲ್ಲ, ಅಷ್ಟರಲ್ಲಿ ಅದು ನಿಮ್ಮ ಕೂಸಾಗಿರುತ್ತದೆ. ಕಾರ್ಯಕರ್ತೆಯರನ್ನೂ ಕೇಳಿ. ಕರೆಯ ಖರ್ಚು ಯಾರದು, ರಾತ್ರಿ ಫೋನ್ ಬಂದರೆ ಎತ್ತಬೇಕಾ? ಫಲಿತಾಂಶ ಕೆಟ್ಟದ್ದು ಬಂದರೂ ಪ್ರಕಟಿಸುತ್ತೇವೆ ಎಂದು ಈಗಲೇ ಬರೆದುಕೊಡಿ. ಇಲ್ಲದಿದ್ದರೆ ಪಕ್ಕದ ಜಿಲ್ಲೆಯವರು ಅದನ್ನೇ ಮತ್ತೆ ಮಾಡುತ್ತಾರೆ.

ಇಷ್ಟನ್ನು ಎರಡು ಪುಟದಲ್ಲಿ ಬರೆದು ಫೈಲಿಗೆ ಸೇರಿಸಿ, ತ್ವರಿತ ಪರಿಶೀಲನೆ ಕೇಳಿ. ಅಪಾಯ ಕಡಿಮೆ ಇರುವ ಕೆಲಸಕ್ಕೆ ಅಂಥ ದಾರಿ ಎಷ್ಟೋ ಕಮಿಟಿಗಳಲ್ಲಿ ಇದೆ. ಅದಾದ ಮೇಲೂ ಫೈಲು ಅಲ್ಲಾಡದಿದ್ದರೆ ಇನ್ನೊಂದು ಪತ್ರ ಹಾಕಿ. ಆಗ ಈ ಅಂಕಣದಲ್ಲಿ ನಾನು ಕಮಿಟಿಯವರನ್ನು ಕೇಳುತ್ತೇನೆ.

– ಸಂಪಾದಕ